ಅವಳ ಬದಲಿಗೆ ನಾನು ಹೇಳಿದ ಉತ್ತರಗಳು

ನನ್ನ ಹೆಂಡತಿ ನನ್ನ ಸೋದರಮಾವನ ಮಗಳು. ನಮ್ಮ ಕಡೆ ಇದು ಹೇಳಿಕೊಂಡು ತಿರುಗುವ ಸಂಗತಿಯೂ ಅಲ್ಲ, ಮುಚ್ಚಿಡುವ ಸಂಗತಿಯೂ ಅಲ್ಲ. ನಮ್ಮವ್ವ ಹುಕ್ಕೇರಿ ತಾಲೂಕಿನ, ಯಮಕನಮರಡಿಯ ಆಚೆಗಿನ ಒಂದು ಹಳ್ಳಿಯಿಂದ ಗೋಕಾಕಕ್ಕೆ ಸೊಸೆಯಾಗಿ ಬಂದವಳು. ನನ್ನ ಮದುವೆಯ ಮಾತು ಬಂದಾಗ ಹೊರಗೆ ಎಲ್ಲೂ ನೋಡದೆ ತನ್ನ ಅಣ್ಣನ ಮಗಳನ್ನೇ ತಂದುಕೊಂಡಳು.

ಅವಳು ನನಗೆ ಹೊಸಬಳಲ್ಲ. ಸಾಲಿಗೆ ರಜೆ ಬಿದ್ದು ಸೂಟಿಗೆ ಮಾವನ ಊರಿಗೆ ಹೋದರೆ ಅವಳು ನನ್ನನ್ನು ಹೆಸರು ಹಿಡಿದು ಕೂಗುತ್ತಿದ್ದಳು, ಜಗಳ ತೆಗೆಯುತ್ತಿದ್ದಳು. ಒಮ್ಮೆ ಎಳೆದಾಡಿ ನನ್ನ ಅಂಗಿಯ ಗುಂಡಿ ಕಿತ್ತಿದ್ದಳು. ಮದುವೆಯಾದ ದಿನ ನನ್ನ ಹೆಸರು ಅವಳ ಬಾಯಿಂದ ಹೋಯಿತು. ಗಂಡನ ಹೆಸರು ಹೇಳಬಾರದು ಎಂದು ಯಾರೂ ಕೂಡಿಸಿ ಕಲಿಸಲಿಲ್ಲ. ಅವಳ ವಾರಗೆಯ ಹೆಂಗಸರು ಹೇಳುತ್ತಿರಲಿಲ್ಲ, ಅವಳೂ ಹೇಳಲಿಲ್ಲ. ರೇಶನ್ ಅಂಗಡಿಯಲ್ಲಿ ಕೇಳಿದರೆ ಬಾಜೂ ನಿಂತವರು ಹೇಳಬೇಕು. ನಾನು ಅವಳಿಗೆ "ಏನ್ರಿ" ಆದೆ, ಪರರ ಮುಂದೆ "ನಮ್ಮ ಮನಿಯವರು" ಆದೆ.

ನಾನು ಎಸ್ಸೆಸ್ಸೆಲ್ಸಿ ಪಾಸಾಗಿ ಸರಕಾರಿ ಬಸ್ಸಿನ ಕಂಡಕ್ಟರ್ ಆದವನು. ಗೋಕಾಕ, ಮೂಡಲಗಿ, ಹುಕ್ಕೇರಿ ರಸ್ತೆಗಳ ಮೇಲೆಯೇ ನನ್ನ ನೌಕರಿ ಮುಗಿಯಿತು. ಕಂಡಕ್ಟರನ ಬಾಯಿಗೆ ಒಂದು ಚಟ ಹತ್ತುತ್ತದೆ. ಯಾರು ಯಾರನ್ನು ಏನು ಕೇಳಿದರೂ ಉತ್ತರ ತನ್ನ ಬಾಯಿಂದಲೇ ಮೊದಲು ಬರಬೇಕು. ಇಲ್ಲಿ ಒಪ್ಪಿಕೊಳ್ಳಲು ಕುಳಿತಿರುವ ತಪ್ಪು ಆ ಚಟದಿಂದ ಆಯಿತು ಎಂದರೆ ಅರ್ಧ ಸುಳ್ಳು. ಉಳಿದರ್ಧ ಹೆದರಿಕೆ.

ಹೆದರಿಕೆ ನಮ್ಮ ಅಜ್ಜಿಯಿಂದ ಬಂದದ್ದು. ನಮ್ಮಿಬ್ಬರಿಗೂ ಅಜ್ಜಿ ಒಬ್ಬಳೇ, ನನಗೆ ತಾಯಿಯ ತಾಯಿ, ಅವಳಿಗೆ ತಂದೆಯ ತಾಯಿ. ಆಕೆ ಕಡೆಯ ವರ್ಷಗಳಲ್ಲಿ ಉಂಡದ್ದು ಮರೆತು ಮತ್ತೆ ತಾಟು ಹಿಡಿದು ಕೂಡುತ್ತಿದ್ದಳು. ಆಕೆಯ ಮಗ, ನನ್ನ ಮಾವ, ಅದೇ ದಾರಿ ಹಿಡಿದ. ಕೊನೆಗೆ ನಮ್ಮವ್ವ. ನಮ್ಮವ್ವನಿಗೆ ಸ್ನಾನ ಮಾಡಿಸಿ, ತುತ್ತು ತಿನ್ನಿಸಿ, ಅದೇ ಮಾತನ್ನು ಮತ್ತೆ ಮತ್ತೆ ಕೇಳಿದರೂ ಮತ್ತೆ ಮತ್ತೆ ಹೇಳಿ ನೋಡಿಕೊಂಡವಳು ನನ್ನ ಹೆಂಡತಿ. ನಾನು ಡ್ಯೂಟಿಗೆ ಹೋಗುತ್ತಿದ್ದೆ.

ನಮ್ಮ ಒಬ್ಬಳೇ ಮಗಳನ್ನು ಮೂಡಲಗಿಗೆ ಕೊಟ್ಟಿದೆ. ಹಿಂದಿನ ಮಳೆಗಾಲ ಮುಗಿದ ಮೇಲೆ ಅವಳೇ ಫೋನು ಮಾಡಿ ಹೇಳಿದಳು, ಹುಕ್ಕೇರಿಯಲ್ಲಿ ಮಂಗಳವಾರಕ್ಕೊಮ್ಮೆ ವಯಸ್ಸಾದವರಿಗೆ ನೆನಪಿನ ತರಬೇತಿ ಕೊಡುತ್ತಾರೆ, ರಕ್ತ ತೆಗೆದುಕೊಂಡು ಮನೆತನದ ಬೀಜವನ್ನೂ ನೋಡುತ್ತಾರೆ ಎಂದು. "ಅಜ್ಜಿಗೆ ಆದದ್ದು ನಿಮಗಾಗಬಾರದು. ಇಬ್ಬರೂ ಹೋಗ್ರಿ, ಹೆಸರು ಹಚ್ಚಿಸೇನಿ," ಎಂದಳು.

ನಡೆಸುತ್ತಿದ್ದವರು ಒಬ್ಬ ಡಾಕ್ಟರ ಬಾಯಿ, ನಮ್ಮ ಮಗಳ ವಯಸ್ಸಿನ ಹೆಣ್ಣುಮಗಳು. ಮೊದಲ ದಿನ ಒಬ್ಬೊಬ್ಬರ ಮನೆತನವನ್ನು ಹಲಗೆಯ ಮೇಲೆ ಬರೆದರು. ಗಂಡಸರಿಗೆ ಚೌಕ, ಹೆಂಗಸರಿಗೆ ಸುತ್ತು, ನಡುವೆ ಗೆರೆಗಳು. ನಮ್ಮದು ಬರೆಯುತ್ತ ಬರೆಯುತ್ತ ಅವರ ಕೈ ನಿಂತಿತು.

"ಯಜಮಾನ್ರ, ಉಳದವರ ಗೆರಿ ಮ್ಯಾಲ ಹೋದಂಗ ಅಗಲ ಆಗ್ತಾವ. ನಿಮ್ಮಿಬ್ಬರದು ಮ್ಯಾಲ ಹೋಗಿ ಒಬ್ಬಾಕಿ ಅಜ್ಜಿ ಹತ್ರ ಬಂದು ಕೂಡ್ತಾವ ನೋಡ್ರಿ."

"ಹೌದ್ರಿ ಬಾಯಾರ. ಮನ್ಯಾಗಿಂದ ಮನ್ಯಾಗ ತಂದದ್ದು," ಎಂದೆ. ಸ್ವಲ್ಪ ಹೆಮ್ಮೆಯಿಂದಲೇ ಎಂದೆ.

ಹುಕ್ಕೇರಿಯ ಒಬ್ಬ ರಿಟೈರ್ಡ್ ಪೋಸ್ಟಮನ್ ನಮ್ಮ ಜೊತೆಗಿದ್ದ. ಅವನು ಹಿಂದಿನಿಂದ, "ಕಂಡಕ್ಟರ್ ಅಲ್ಲೇನ್ರಿ, ರೂಟ್ ಬದಲ್ ಮಾಡಾಕ ಮನಸ್ ಬಂದಿಲ್ಲ," ಎಂದ. ಎಲ್ಲರೂ ನಕ್ಕರು. ಡಾಕ್ಟರ ಬಾಯಿಯೂ ನಕ್ಕರು. ಆಮೇಲೆ ಕುರ್ಚಿ ಎಳೆದುಕೊಂಡು ನಮ್ಮ ಹತ್ತಿರ ಕುಳಿತು ನಿಧಾನವಾಗಿ ತಿಳಿಸಿದರು. ಪ್ರತಿಯೊಬ್ಬರಿಗೂ ತಾಯಿಯಿಂದ ಒಂದು, ತಂದೆಯಿಂದ ಒಂದು ಹೀಗೆ ಜೋಡಿ ಬೀಜ ಬರುತ್ತವೆ. ಅದರಲ್ಲಿ ಒಂದು ತರಹದ್ದು ಮರೆವಿನ ರೋಗವನ್ನು ಹತ್ತಿರ ತರುತ್ತದೆ. ನಮ್ಮಿಬ್ಬರಿಗೂ ಅದೇ ಅಜ್ಜಿ ಇರುವುದರಿಂದ ನಮ್ಮ ಮಗಳಿಗೆ ಎರಡೂ ಕಡೆಯಿಂದ ಬಂದಿರುವ ಸಾಧ್ಯತೆ ಉಂಟು.

"ಬಂದೈತಿ ಅಂತ ನಾ ಹೇಳಾಕತ್ತಿಲ್ರಿ. ಬೀಜ ಇದ್ದವರಿಗೆಲ್ಲ ರೋಗ ಬರೂದಿಲ್ಲ, ಇಲ್ಲದವರಿಗೂ ಬರತೈತಿ. ಅಂಥಾ ಬೀಜ ಇದ್ದರೂ ತಲಿಗೆ ಕೆಲಸಾ ಕೊಟ್ರ ನೆನಪು ಗಟ್ಟಿ ಉಳೀತೈತೇನು ಅನ್ನೂದನ್ನ ನೋಡಾಕ ಈ ತರಬೇತಿ. ರಕ್ತದಾಗ ಏನೈತಿ ಅಂತ ತಿಳಕೊಳ್ಳೂದು ಬಿಡೂದು ನಿಮಗ ಬಿಟ್ಟದ್ದು."

ನಾನು ಬೇಡ ಎಂದೆ. ನನ್ನ ಹೆಂಡತಿಯೂ ಬೇಡ ಎಂದಳು. "ಅಜ್ಜಿ ಮೂಗು ನನಗ ಬಂದೈತ್ರಿ, ಕನ್ನಡ್ಯಾಗ ದಿನಾ ನೋಡ್ತೇನಿ. ಮತ್ತೇನೇನು ಬಂದಾವ ಅನ್ನೂದು ಬಂದಾಗ ತಿಳೀತೈತಿ."

ಅವತ್ತೇ ಡಾಕ್ಟರ ಬಾಯಿ ಇನ್ನೊಂದು ಮಾತು ಹೇಳಿದರು. ಈಗಾಗಲೇ ನೆನಪು ತಪ್ಪುತ್ತಿದ್ದವರು ಯಾರಾದರೂ ಇದ್ದರೆ ಮುಚ್ಚಿಡಬೇಡಿ. ಅವರಿಗೆ ಈ ತರಬೇತಿ ಸಾಲದು, ಬೆಳಗಾವಿಗೆ ಕಳಿಸಿ ಬೇರೆ ತಪಾಸಣೆ ಮಾಡಿಸಬೇಕು. ಈ ಮಾತನ್ನು ನಾನು ಸ್ಪಷ್ಟವಾಗಿ ಕೇಳಿದೆ. ಅದಕ್ಕಿಂತ ಸ್ವಲ್ಪ ದಿನ ಮುಂಚೆ ನನ್ನ ಹೆಂಡತಿ ರಾತ್ರಿ ಊಟಕ್ಕೆ ನಮ್ಮವ್ವನಿಗೂ ಒಂದು ತಾಟು ಹಾಕಿದ್ದಳು. ನಮ್ಮವ್ವ ತೀರಿ ಎಷ್ಟೋ ವರ್ಷಗಳಾಗಿದ್ದವು. ನಾನು ಏನೂ ಅನ್ನದೆ ಆ ತಾಟನ್ನು ತೆಗೆದು ಗೋಡೆಯ ಮಾಡದಲ್ಲಿಟ್ಟಿದ್ದೆ.

ಆಮೇಲೆ ಪರೀಕ್ಷೆ. ಒಬ್ಬೊಬ್ಬರನ್ನೇ ಮುಂದೆ ಕೂಡಿಸಿ ಕೇಳುವುದು. ಗಂಡ ಹೆಂಡತಿ ಇದ್ದವರನ್ನು ಜೊತೆಯಲ್ಲೇ ಕೂಡಿಸಿದರು.

"ಅಮ್ಮಾರ, ಇವತ್ತ ಯಾವ ವಾರ?"

"ಮಂಗಳವಾರ್ರಿ."

"ಇವರು ಯಾರು?"

"ನಮ್ಮ ಮನಿಯವರು."

"ಹೆಸರೇನ್ರಿ ಅವರದು?"

ನನ್ನ ಹೆಂಡತಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಅದರ ತುದಿಯನ್ನು ಬಾಯಿಗೆ ಒತ್ತಿ ನಕ್ಕಳು. ಹಿಂದೆ ಕುಳಿತ ಹೆಂಗಸರೂ ನಕ್ಕರು. ಒಬ್ಬಾಕೆ, "ಹಂಗ ಕೇಳಬಾರದ್ರಿ ಬಾಯಾರ, ಗಂಡನ ಆಯುಷ್ಯ ಕಡಿಮಿ ಆಗತೈತಿ," ಎಂದಳು.

"ಅಕಿ ಹೇಳೂದಿಲ್ರಿ. ನಾ ಹೇಳ್ತೇನಿ, ಬರಕೋರಿ," ಎಂದು ನಾನು ಹೇಳಿದೆ. ಡಾಕ್ಟರ ಬಾಯಿ ನಕ್ಕು ಸರಿ ಎಂದು ಗುರುತು ಹಾಕಿದರು.

ಅವತ್ತು ಅವಳಿಗೆ ನನ್ನ ಹೆಸರು ಗೊತ್ತಿತ್ತು, ಅದು ಖರೆ ನಾಚಿಕೆ. ಆದರೆ ಅಲ್ಲಿ ನನಗೊಂದು ದಾರಿ ಸಿಕ್ಕಿತು. ಮುಂದಿನ ಪ್ರಶ್ನೆ, ಈಗ ಯಾವ ಊರಿನಲ್ಲಿದ್ದೀರಿ ಎಂದು. ಅವಳು ಯಮಕನಮರಡಿ ಎಂದಳು. ನಾನು ಕೂಡಲೇ, "ಹುಕ್ಕೇರಿ ಸೀಮಿಗೆ ಬಂದ್ರ ಅಕಿಗಿ ತವರೂರ ಧ್ಯಾನ ಬಿಡೂದಿಲ್ರಿ. ಹುಕ್ಕೇರಿ ಅನ್ನ," ಎಂದೆ. ಅವಳು ಹುಕ್ಕೇರಿ ಎಂದಳು. ಅದಕ್ಕೂ ಗುರುತು ಬಿತ್ತು. ಅಲ್ಲಿಂದ ಮುಂದೆ ಪ್ರಶ್ನೆ ಬಂದ ಕೂಡಲೇ ಅವಳು ನನ್ನ ಮುಖ ನೋಡುತ್ತಿದ್ದಳು, ನಾನು ಹೇಳಿಬಿಡುತ್ತಿದ್ದೆ. ಗಂಡನ ಮುಂದೆ ಮಾತಾಡಲು ಸಂಕೋಚಪಡುವ ಹಳೆಯ ಕಾಲದ ಹೆಣ್ಣುಮಗಳು ಎಂದು ಡಾಕ್ಟರ ಬಾಯಿ ತಿಳಿದರು. ಹಾಗೆ ತಿಳಿಯಲಿ ಎಂದೇ ನಾನು ನಡೆದುಕೊಂಡೆ.

ಯಾಕೆ ಹೇಳಲಿಲ್ಲ ಎಂದು ನನ್ನನ್ನು ನಾನೇ ಬಹಳ ಸಲ ಕೇಳಿಕೊಂಡಿದ್ದೇನೆ. ಅವಳಿಗೆ ಬಂದಿದೆ ಎಂದು ಒಪ್ಪಿದರೆ ನಾಳೆ ನನಗೆ, ಆಮೇಲೆ ಮಗಳಿಗೆ. ಆ ಹಲಗೆಯ ಮೇಲಿನ ಗೆರೆಗಳು ನನ್ನ ಕಣ್ಣ ಮುಂದೆಯೇ ಇದ್ದವು. ಇನ್ನೊಂದು ಕಾರಣ ಸಣ್ಣದು, ಹೇಳಿದರೆ ನಗುತ್ತೀರಿ. ಅವಳನ್ನು ತರಬೇತಿಯಿಂದ ತೆಗೆದರೆ ಮಂಗಳವಾರದ ಬಸ್ಸು ತಪ್ಪುತ್ತಿತ್ತು.

ನೌಕರಿಯ ಇಷ್ಟು ವರ್ಷಗಳಲ್ಲಿ ನಾನು ನನ್ನ ಹೆಂಡತಿಯ ಬಾಜೂ ಬಸ್ಸಿನಲ್ಲಿ ಕುಳಿತವನೇ ಅಲ್ಲ. ನನ್ನ ಬಸ್ಸಿಗೆ ಅವಳು ಹತ್ತಿದರೂ ನಾನು ಚೀಲ ಹಿಡಿದು ನಿಂತಿರುತ್ತಿದ್ದೆ. ಈಗ ಕಿಟಕಿಯ ಹತ್ತಿರ ಅವಳು, ಅವಳ ಪಕ್ಕ ನಾನು. ಹೆಂಗಸರಿಗೆ ಈಗ ಟಿಕೆಟ್ ಇಲ್ಲವಲ್ಲ, ನಾನು ಕಿಸೆಗೆ ಕೈ ಹಾಕಿದಾಗಲೆಲ್ಲ ಅವಳು, "ತಗೀರಿ ತಗೀರಿ. ಮಂದಿ ಕಡೆ ಇಸಕೊಂಡದ್ದು ಸಾಕಷ್ಟಾತು," ಎಂದು ಕಾಡುತ್ತಿದ್ದಳು. ಗೋಕಾಕ ಫಾಲ್ಸ್ ಬಂದಾಗ ನನ್ನ ಮೇಲೆ ಬಾಗಿ ಆ ಕಡೆಯ ಕಿಟಕಿಯಿಂದ ನೀರು ಎಷ್ಟಿದೆ ಎಂದು ನೋಡುತ್ತಿದ್ದಳು. ಧುಪದಾಳದ ಹತ್ತಿರ ಒಡ್ಡಿನ ಹಿಂದೆ ನೀರು ಹರಡಿ ನಿಂತದ್ದು ಕಂಡರೆ ಕೈ ಮುಗಿಯುತ್ತಿದ್ದಳು. ಇಳಿದ ಮೇಲೆ ಪೇರಲ ಹಣ್ಣು ಕೊಂಡು ಉಪ್ಪು ಖಾರ ಹಚ್ಚಿಸಿಕೊಂಡು ತಿನ್ನುತ್ತಿದ್ದೆವು. ಹಲ್ಲು ನನಗಿಂತ ಅವಳವೇ ಗಟ್ಟಿ.

ತರಬೇತಿಯಲ್ಲಿ ನನ್ನ ಮನಸ್ಸಿಗೆ ಸೇರಿದ್ದು ಒಂದು ಆಟ. ಡಾಕ್ಟರ ಬಾಯಿ ಒಂದಿಷ್ಟು ಸಾಮಾನುಗಳ ಹೆಸರು ಹೇಳುತ್ತಾರೆ, ಕತ್ತರಿ, ಬೆಲ್ಲ, ಛತ್ರಿ ಹೀಗೆ. ನಮಗೆ ಚೆನ್ನಾಗಿ ಗೊತ್ತಿದ್ದ ಒಂದು ಜಾಗವನ್ನು ಮನಸ್ಸಿನಲ್ಲಿ ತಂದುಕೊಂಡು ಒಂದೊಂದು ಸಾಮಾನನ್ನು ಒಂದೊಂದು ಕಡೆ ಇಡುತ್ತ ಹೋಗಬೇಕು. ಆಮೇಲೆ ಅದೇ ದಾರಿಯಲ್ಲಿ ನಡೆದು ಆರಿಸಿಕೊಳ್ಳಬೇಕು. ನಾನು ನನ್ನ ಸ್ಟಾಪುಗಳ ಮೇಲೆ ಇಟ್ಟೆ. ಫಾಲ್ಸಿನಲ್ಲಿ ಕತ್ತರಿ ಇಳಿಯಿತು, ಧುಪದಾಳದಲ್ಲಿ ಬೆಲ್ಲ ಇಳಿಯಿತು. ಒಂದೂ ತಪ್ಪಲಿಲ್ಲ. ಪೋಸ್ಟಮನ್ ತನ್ನ ಓಣಿಯ ಬಾಗಿಲುಗಳಲ್ಲಿ ಇಟ್ಟು ಎರಡು ಸಾಮಾನು ಕಳೆದುಕೊಂಡ. "ಮನಿಯವ್ರು ಊರಾಗ ಇಲ್ರಿ, ವಾಪಸ್ ಕಳಿಸೇನಿ," ಎಂದ.

ಈ ಆಟದಲ್ಲಿ ನನ್ನ ಹೆಂಡತಿಗೆ ನಾನು ಹೇಳಿಕೊಡಬೇಕಾಗಲಿಲ್ಲ. ಅವಳು ಎಲ್ಲವನ್ನೂ ತನ್ನ ತಂದೆಯ ಮನೆಯಲ್ಲಿ ಇಡುತ್ತಿದ್ದಳು. ಕಟ್ಟೆಯ ಮೇಲೆ ಛತ್ರಿ, ಪಡಸಾಲೆಯ ಕಂಬಕ್ಕೆ ಕತ್ತರಿ, ದನದ ಗ್ವಾದಲಿಯಲ್ಲಿ ಬೆಲ್ಲ. "ದನಾ ತಿಂದಾವ, ಲಗೂ ತಗೋರಿ," ಎಂದು ನಗಿಸುತ್ತಿದ್ದಳು. ಆ ಮನೆಯನ್ನು ಕೆಡವಿ ಬಹಳ ಕಾಲವಾಗಿದೆ. ಗೋಕಾಕದ ನಮ್ಮ ಮನೆಯಲ್ಲಿ, ತಾನು ಮದುವೆಯಾಗಿ ಬಂದು ಇಷ್ಟು ವರ್ಷ ಕಸ ಗುಡಿಸಿದ ಮನೆಯಲ್ಲಿ, ಅವಳು ಒಂದು ಸೂಜಿಯನ್ನೂ ಇಡಲಿಲ್ಲ. ನನಗೆ ಇದು ಗಮನಕ್ಕೆ ಬಂತು. ತವರಿನ ಮೋಹ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆಗ ಮನೆಯಲ್ಲಿ ಕಾಯಲು ಇಟ್ಟ ಹಾಲು ಉಕ್ಕಿ ಒಲೆ ಆರುತ್ತಿತ್ತು, ರೊಟ್ಟಿ ಹಂಚಿನ ಮೇಲೆ ಕರಕಾಗುತ್ತಿತ್ತು. ನಾನು ಅವಳ ಹಿಂದೆ ಹಿಂದೆ ತಿರುಗಿ ಗ್ಯಾಸು ಬಂದ್ ಮಾಡುತ್ತಿದ್ದೆ. ಮಗಳು ಫೋನಿನಲ್ಲಿ ಅವ್ವ ಹೇಗಿದ್ದಾಳೆ ಎಂದು ಕೇಳಿದರೆ ಹಾಡಿ ಹೊಗಳುತ್ತಿದ್ದೆ.

ಬಿಸಿಲು ಸುರುವಾದ ಮೇಲೆ ಮತ್ತೆ ಪರೀಕ್ಷೆ ಇಟ್ಟರು. ಮೊದಲಿನ ಪ್ರಶ್ನೆಗಳೇ. ನಾನು ಅವಳ ಬಾಜೂ ಕುಳಿತು ತಯಾರಾಗಿಯೇ ಇದ್ದೆ.

"ಇವರು ಯಾರು ಅಮ್ಮಾರ?"

ಅವಳು ನನ್ನ ಕಡೆ ತಿರುಗಿ ನೋಡಿದಳು. ಸೆರಗಿಗೆ ಕೈ ಹೋಗಲಿಲ್ಲ.

"ಇವ? ಇವ ನಮ್ಮ ಅತ್ತಿ ಮಗ. ಗೋಕಾಕದಾವ," ಎಂದಳು. ಆಮೇಲೆ, ಯಾರೂ ಕೇಳುವ ಮೊದಲೇ, ನನ್ನ ಹೆಸರು ಹೇಳಿದಳು. ಸಣ್ಣವಳಿದ್ದಾಗ ಕರೆಯುತ್ತಿದ್ದ ಹಾಗೆ, ಕೊನೆಯ ಅಕ್ಷರವನ್ನು ಎಳೆದು.

ಕೋಣೆಯಲ್ಲಿ ಗದ್ದಲವೆದ್ದಿತು. "ಮುದುಕಿ ಆದಮ್ಯಾಲ ಧೈರ್ಯ ಬಂತು ನೋಡ್ರಿ," ಎಂದು ಹೆಂಗಸರು ನಕ್ಕರು. ಪೋಸ್ಟಮನ್, "ಕಂಡಕ್ಟರ್ ಸಾಹೇಬ್ರ, ನಿಮ್ಮ ಆಯುಷ್ಯಾ ಇವತ್ತಿಗಿ ಮುಗೀತು," ಎಂದ. ಡಾಕ್ಟರ ಬಾಯಿಗೆ ಬಹಳ ಖುಷಿಯಾಯಿತು. ಹೋದ ಸಲ ಬಾಯಿ ಬಿಡದವರು ಈ ಸಲ ಸಂಕೋಚ ಬಿಟ್ಟು ತಾವೇ ಉತ್ತರ ಹೇಳಿದರು, ತರಬೇತಿಯ ಗುಣ ಇದು ಎಂದು ಎಲ್ಲರಿಗೂ ಹೇಳಿ ಚಪ್ಪಾಳೆ ತಟ್ಟಿಸಿದರು.

ನಾನೊಬ್ಬನೇ ಅಲ್ಲಿ ತಿಳಿದವನು. ಅವಳಿಗೆ ಧೈರ್ಯ ಬಂದಿರಲಿಲ್ಲ. ಅವಳು ಮದುವೆಗೂ ಹಿಂದಿನ ದಿನಗಳಿಗೆ ಹೋಗಿ ನಿಂತಿದ್ದಳು, ಅಲ್ಲಿ ನನ್ನ ಹೆಸರು ಹೇಳಲು ನಾಚಬೇಕಾದದ್ದು ಏನೂ ಇರಲಿಲ್ಲ. ಗಂಡ ಅವಳ ನೆನಪಿನಿಂದ ಇಳಿದುಹೋಗಿದ್ದ, ಅತ್ತೆಯ ಮಗ ಉಳಿದಿದ್ದ. ಅಷ್ಟೂ ನನಗೆ ತಿಳಿಯಿತು. ತಿಳಿದೂ ನಾನು ಅವರ ಜೊತೆ ಚಪ್ಪಾಳೆ ತಟ್ಟಿದೆ. ನಾನು ಈ ಬರಹ ಬರೆಯುತ್ತಿರುವುದು ಆ ಚಪ್ಪಾಳೆಗಾಗಿ.

ತಿರುಗಿ ಬರುವಾಗ ಬಸ್ಸಿನಲ್ಲಿ ಮಂದಿ ಕಡಿಮೆ ಇದ್ದರು. ಅವಳು ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದಳು. ಸ್ವಲ್ಪ ಹೊತ್ತಿಗೆ, "ಒಂದು ಕೇಳ್ಲಿ? ಸಿಟ್ಟ ಆಗಬಾರದು," ಎಂದಳು.

"ಕೇಳ."

"ನಮ್ಮಪ್ಪ ನನ್ನ ನಿಮ್ಮನಿಗೆ ಕೊಡ್ತಾನಂತ. ಖರೇನ?"

"ಯಾರಂದ್ರು?"

"ಅಜ್ಜಿ ಅಂದ್ಲು."

"ನಿನಗ ಹೆಂಗ ಅನಸ್ತೈತಿ?" ಎಂದು ಕೇಳಿದೆ. ಇದನ್ನು ನಾನು ಅವಳಿಗೆ ಆಗ ಕೇಳಿರಲಿಲ್ಲ. ಯಾರೂ ಕೇಳಿರಲಿಲ್ಲ.

ಅವಳು ನನ್ನ ಕಡೆ ತಿರುಗಿದಳು. "ನೀ ಕೆಟ್ಟಾವಲ್ಲ ಬಿಡು. ಆದ್ರ ಯಾರರ ನನ್ನ ಏನರ ಕೇಳಿದ್ರ, ನಾ ಬಾಯಿ ತಗಿಯೂದ್ರಾಗ ನೀನ ಹೇಳಿಬಿಡ್ತಿ. ಮದಲಿಂದನೂ ಹಂಗ. ಅದೊಂದು ನನಗ ಸೇರೂದಿಲ್ಲ."

"ಇನ್ನ ಬಿಡ್ತೇನಿ," ಎಂದೆ.

"ನೋಡೂಣು," ಎಂದು ಅವಳು ಮತ್ತೆ ಕಿಟಕಿಗೆ ತಿರುಗಿದಳು.

ಘಟಪ್ರಭಾದಲ್ಲಿ ಬಸ್ಸು ನಿಂತಾಗ ನಾನು ಅವಳ ಕೈ ಹಿಡಿದು ಇಳಿಸಿದೆ. ಕಂಡಕ್ಟರ್ ಹುಡುಗ, "ಕಾಕಾ, ಗೋಕಾಕ ಇನ್ನೂ ಮುಂದ ಐತ್ರಿ, ಎಲ್ಲಿ ಇಳೀತೀರಿ," ಎಂದ. ಗೊತ್ತಿದೆ ಎಂದೆ. ರಸ್ತೆ ದಾಟಿ ಹುಕ್ಕೇರಿಗೆ ಹೋಗುವ ಬಸ್ಸು ಹಿಡಿದೆವು. ಯಾಕೆ ಎಂದು ಅವಳು ಕೇಳಲಿಲ್ಲ. ಮತ್ತೊಮ್ಮೆ ಕಿಟಕಿ ಸಿಕ್ಕಿತೆಂದು ಅವಳಿಗೆ ಸಂತೋಷವೇ ಆಗಿತ್ತು.

ಡಾಕ್ಟರ ಬಾಯಿ ಕೋಣೆಗೆ ಕೀಲಿ ಹಾಕುತ್ತಿದ್ದರು. ಅಲ್ಲೇ ನಿಂತು ಎಲ್ಲ ಹೇಳಿದೆ, ತಾಟಿನಿಂದ ಹಿಡಿದು ಚಪ್ಪಾಳೆಯವರೆಗೆ. ಅವರು ಕೀಲಿ ತೆಗೆದು ನಮ್ಮನ್ನು ಒಳಗೆ ಕೂಡಿಸಿದರು.

"ಹೆಸರು ಹೇಳಿದ ಕೂಡ್ಲೆ ನಾನೂ ಹಿಗ್ಗಿಬಿಟ್ಟೆ. ನನ್ನ ತಪ್ಪೂ ಐತ್ರಿ ಯಜಮಾನ್ರ," ಎಂದರು.

"ಇಲ್ರಿ. ನಿಮಗ ತಿಳಿಯೂದು ಶಕ್ಯ ಇರಲಿಲ್ಲ. ನನಗ ತಿಳಿದಿತ್ತು."

ಬೆಳಗಾವಿಯಲ್ಲಿ ತಪಾಸಣೆಯಾಯಿತು. ಅಲ್ಲಿಯ ಡಾಕ್ಟರು ಹೇಳಿದ್ದು ಎರಡು ಮಾತು. ಒಂದು, ಮರೆವಿನ ರೋಗ ಸುರುವಾಗಿದೆ, ಅದನ್ನು ತಡೆದು ನಿಲ್ಲಿಸುವ ಔಷಧ ತಮ್ಮಲ್ಲಿ ಇಲ್ಲ, ಸ್ವಲ್ಪ ನಿಧಾನ ಮಾಡಲು ನೋಡಬಹುದು. ಎರಡು, ಅವಳ ರಕ್ತದಲ್ಲಿ ಒಂದು ಜೀವಸತ್ವ ಬಹಳ ಕಡಿಮೆಯಾಗಿದೆ, ಅದೂ ತಲೆಯನ್ನು ಮಂಕು ಮಾಡುತ್ತದೆ, ಅದಕ್ಕೆ ಸೂಜಿ ಉಂಟು. ಸೂಜಿ ಹಾಕಿದ ಕೆಲವು ವಾರಗಳಲ್ಲಿ ಅವಳ ಮುಖಕ್ಕೆ ಕಳೆ ಬಂತು, ಹಗಲಿಡೀ ತೂಕಡಿಸುವುದು ಹೋಯಿತು. ರೊಟ್ಟಿ ಕರಕಾಗುವುದು ಕಡಿಮೆಯಾಯಿತು. ಅದನ್ನು ನೋಡಿ ನನಗೆ ಸಂತೋಷವಾಗಬೇಕಿತ್ತು. ಒಂದು ಸೂಜಿಯಿಂದ ತೆಗೆಯಬಹುದಾಗಿದ್ದ ಮಂಕಿನಲ್ಲಿ ಅವಳನ್ನು ಒಂದು ಚಳಿಗಾಲ ಪೂರ್ತಿ ಕೂಡಿಸಿದ್ದೆನಲ್ಲ ಎಂಬುದೇ ಕಣ್ಣಿಗೆ ಬಂತು.

ಮಗಳು ಮೂಡಲಗಿಯಿಂದ ಬಂದಳು. ನಾನು ಅವಳ ಮುಂದೆಯೂ ಹೇಳಿದೆ. ಅವಳು ಬಹಳ ಹೊತ್ತು ಅಡಿಗೆಮನೆಯಲ್ಲಿ ಭಾಂಡೆ ತಿಕ್ಕುತ್ತ ನಿಂತಳು, ತೊಳೆದವನ್ನೇ ಮತ್ತೆ ತೊಳೆದಳು. ಆಮೇಲೆ ಹೊರಗೆ ಬಂದು, "ಅಪ್ಪಾ, ಅವ್ವನ ಬದಲಿ ಉತ್ತರಾ ನೀ ಹೇಳಿದಿ, ಆತು. ನನ್ನ ಬದಲಿ ಹೇಳಬ್ಯಾಡ. ನನ್ನ ರಕ್ತಾ ತೋರಸ್ಬೇಕೋ ಬ್ಯಾಡೋ, ನಾನ ನೋಡ್ಕೋತೇನಿ," ಎಂದಳು. ಮುಂದೆ ಒಂದು ಮಂಗಳವಾರ ನಮ್ಮ ಜೊತೆ ಹುಕ್ಕೇರಿಗೆ ಬಂದು ಡಾಕ್ಟರ ಬಾಯಿಯ ಜೊತೆ ಒಬ್ಬಳೇ ಕುಳಿತು ಮಾತಾಡಿದಳು. ಏನು ಠರಾಯಿಸಿದಳೋ ನಾನು ಕೇಳಿಲ್ಲ. ಕೇಳುವ ಆಸೆ ದಿನಾ ಆಗುತ್ತದೆ.

ಈಗ ಅವಳು ಕೆಲವು ದಿನ ನನ್ನ ಹೆಂಡತಿ, ಕೆಲವು ದಿನ ನನ್ನ ಮಾವನ ಮಗಳು. ಬೆಳಿಗ್ಗೆ ಎದ್ದು "ಏನ್ರಿ, ಚಾ ಆತು," ಎಂದರೆ ಹೆಂಡತಿ. ಹೆಸರು ಹಿಡಿದು ಕೂಗಿದರೆ ಮಾವನ ಮಗಳು. ಒಂದೇ ಅಜ್ಜಿಯಿಂದ ಈ ರೋಗ ನಮ್ಮ ಮನೆಗೆ ಎರಡು ಕಡೆಯಿಂದ ಬಂದಿರಬಹುದು, ಆದರೆ ಅದೇ ಅಜ್ಜಿಯಿಂದ ನನಗೆ ಅವಳಲ್ಲಿ ಎರಡು ಜಾಗ ಸಿಕ್ಕಿವೆ. ಹೊರಗಿನವನಾಗಿದ್ದರೆ ಈ ಹೊತ್ತಿಗೆ ನಾನು ಅವಳಿಗೆ ಯಾರೂ ಆಗಿರುತ್ತಿರಲಿಲ್ಲ. ಇದನ್ನು ಸಮಾಧಾನ ಎನ್ನಬೇಕೋ ಏನೋ. ಮಾವನ ಮಗಳಾದ ದಿನ ಅವಳು ನನ್ನ ಜೊತೆ ಹೆಚ್ಚು ಜಗಳವಾಡುತ್ತಾಳೆ, ಹೆಚ್ಚು ನಗುತ್ತಾಳೆ.

ಡಾಕ್ಟರ ಬಾಯಿ ಅವಳನ್ನು ತರಬೇತಿಯಿಂದ ತೆಗೆಯಲಿಲ್ಲ. ಅವಳಿಗೆ ತಕ್ಕ ಹಾಗೆ ಬದಲಿಸಿಕೊಟ್ಟಿದ್ದಾರೆ. ಹೋದ ಮಂಗಳವಾರ ಮತ್ತೆ ಪರೀಕ್ಷೆ ಇತ್ತು. ಈ ಸಲ ನಾನು ಒಳಗೆ ಹೋಗಲಿಲ್ಲ. ಹೊರಗೆ ಬಾಕಿನ ಮೇಲೆ ಕುಳಿತೆ. ಬಾಗಿಲು ಅರ್ಧ ತೆರೆದಿತ್ತು, ಪ್ರಶ್ನೆ ಕೇಳಿಸಿತು. "ಅಮ್ಮಾರ, ನೀವು ಈಗ ಇರೂದು ಯಾವ ಊರಾಗ?"

ಉತ್ತರ ಬರಲಿಲ್ಲ. ಫ್ಯಾನು ತಿರುಗುವುದು ಕೇಳುತ್ತಿತ್ತು. ನನ್ನ ಬಾಯಿ ತಾನಾಗಿಯೇ ತೆರೆಯಿತು. ಹೆಗಲ ಮೇಲಿನ ಟವೆಲ್ಲು ಬಾಯಿಗೆ ಒತ್ತಿಕೊಂಡು ಕುಳಿತೆ. ಒಳಗೆ ಅವಳು ಏನೋ ಮೆಲ್ಲಗೆ ಹೇಳಿದಳು, ನನಗೆ ಕೇಳಿಸಲಿಲ್ಲ. ಡಾಕ್ಟರ ಬಾಯಿ ಮುಂದಿನ ಪ್ರಶ್ನೆಗೆ ಹೋದರು.

ಹೊರಗೆ ಬಂದಳು. ಚಪ್ಪಲಿ ಹುಡುಕಿ ಮೆಟ್ಟಿಸಿದೆ.

"ಊರು ಕೇಳಿದ್ರಲ್ಲ, ಏನಂದಿ?"

"ಗೊತ್ತಿಲ್ಲ ಅಂದ್ನಿ," ಎಂದಳು. "ಗೊತ್ತಿರಲಿಲ್ಲಲ್ಲ."

"ಚಲೋ ಹೇಳಿದಿ," ಎಂದೆ.